ಎರಡನೆಯ ಬಾರಿ ಕೂರಿಸಿದ ಕೀಲು

ಋಗ್ವೇದದ ಮೊದಲನೆಯ ಮಂಡಲದಲ್ಲಿ ವಿಶ್ಪಲೆ ಎಂಬವಳ ಪ್ರಸಂಗವೊಂದು ಬರುತ್ತದೆ. ಕಾಳಗದಲ್ಲಿ ಕಾಲು ಕಡಿದುಹೋದ ಆಕೆಗೆ ಅಶ್ವಿನೀದೇವತೆಗಳು ಲೋಹದ ಕಾಲೊಂದನ್ನು ಜೋಡಿಸಿ ಮತ್ತೆ ನಡೆಯುವಂತೆ ಮಾಡಿದರಂತೆ. ನಮ್ಮವರು ಶಸ್ತ್ರವೈದ್ಯದ ಪ್ರಾಚೀನತೆಯನ್ನು ಹೇಳುವಾಗಲೆಲ್ಲ ಈ ಕಥೆಯನ್ನು ತಪ್ಪದೆ ಎತ್ತುತ್ತಾರೆ. ನಾನೂ ಉಪನ್ಯಾಸಗಳಲ್ಲಿ ಕೆಲವು ಸಲ ಎತ್ತಿದ್ದೇನೆ. ಆದರೆ ಋಷಿ ಒಂದು ಮಾತನ್ನು ಹೇಳದೆ ಬಿಟ್ಟಿದ್ದಾನೆ. ಆ ಕಾಲು ಎಷ್ಟು ವರ್ಷ ಬಾಳಿತು? ಸವೆಯಿತೆ, ಸಡಿಲವಾಯಿತೆ? ಹಾಗಾದಾಗ ಅಶ್ವಿನಿಗಳನ್ನು ಮತ್ತೊಮ್ಮೆ ಸ್ತುತಿಸಿ ಕರೆಯಬೇಕಾಯಿತೆ? ದೇವವೈದ್ಯರ ಕೆಲಸಕ್ಕೆ ದುರಸ್ತಿಯ ಅಗತ್ಯ ಬೀಳದೆಂದು ಶ್ರದ್ಧಾವಂತರು ಹೇಳಬಹುದು. ಮನುಷ್ಯವೈದ್ಯರ ಕೆಲಸಕ್ಕೆ ಬೀಳುತ್ತದೆ. ನಾನು ಮೂಳೆಯ ಶಸ್ತ್ರವೈದ್ಯನಾಗಿ ಕಳೆದ ಮೂರು ದಶಕಗಳಲ್ಲಿ ಹೆಚ್ಚಿನ ಭಾಗ, ಒಮ್ಮೆ ಕೂರಿಸಿದ ಕೃತಕ ಕೀಲನ್ನು ತೆಗೆದು ಇನ್ನೊಂದನ್ನು ಕೂರಿಸುವುದರಲ್ಲಿಯೇ ಕಳೆಯಿತು. ಆ ಎರಡನೆಯ ಕೀಲಿನ ಬಾಳುವೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಈ ಲೇಖನ.

ಜನ ಅದನ್ನು ಸೊಂಟದ ಕೀಲು ಎನ್ನುತ್ತಾರೆ. ನಿಜವಾಗಿ ಅದಿರುವುದು ಸೊಂಟದಲ್ಲಲ್ಲ, ತೊಡೆಯ ಸಂದಿನ ಆಳದಲ್ಲಿ. ಆದರೆ ರೂಢಿಯ ಮಾತನ್ನು ತಿದ್ದಹೊರಡುವುದು ಪಂಡಿತರಿಗೆ ಬಿಟ್ಟ ಕೆಲಸ. ನಮ್ಮ ರುಬ್ಬುವ ಒರಳನ್ನು ನೆನೆದುಕೊಂಡರೆ ಈ ಕೀಲಿನ ರಚನೆ ತಿಳಿಯುತ್ತದೆ. ಕಟಿಯ ಮೂಳೆಯಲ್ಲಿ ಒರಳಿನಂಥ ಒಂದು ಬಟ್ಟಲು. ತೊಡೆಮೂಳೆಯ ಮೇಲ್ತುದಿಯಲ್ಲಿ ಗುಂಡುಕಲ್ಲಿನಂಥ ಒಂದು ತಲೆ. ಎರಡಕ್ಕೂ ನುಣುಪಾದ ಮೃದ್ವಸ್ಥಿಯ ಹೊದಿಕೆ. ಹೊದಿಕೆ ಸವೆದು ಮೂಳೆಗೆ ಮೂಳೆ ತಿಕ್ಕತೊಡಗಿದಾಗ, ಅಥವಾ ರಕ್ತಸಂಚಾರ ನಿಂತು ಗುಂಡು ಕುಸಿದಾಗ, ನೋವು ಮನುಷ್ಯನನ್ನು ಹಾಸಿಗೆಗೆ ಕಟ್ಟಿಹಾಕುತ್ತದೆ. ಆಗ ಗುಂಡಿಗೆ ಬದಲಾಗಿ ಲೋಹದ ಇಲ್ಲವೆ ಪಿಂಗಾಣಿಯ ಗುಂಡನ್ನು ಒಂದು ದಂಡಕ್ಕೆ ಸಿಕ್ಕಿಸಿ ತೊಡೆಮೂಳೆಯ ಟೊಳ್ಳಿನೊಳಗೆ ನಾಟುತ್ತಾರೆ. ಒರಳಿಗೆ ಬದಲಾಗಿ ಒಂದು ಬಟ್ಟಲನ್ನು ಕೂರಿಸುತ್ತಾರೆ. ಒರಳು ನಯವಾಗಿ ರುಬ್ಬದೆ ಹೋದಾಗ ಕಲ್ಲುಕುಟಿಗನು ಬೀದಿಯಲ್ಲಿ ಕೂಗುತ್ತ ಬಂದು ಮುಳ್ಳು ಹಾಕಿಕೊಟ್ಟು ಹೋಗುತ್ತಿದ್ದ ಕಾಲವನ್ನು ನನ್ನ ವಯಸ್ಸಿನವರು ಬಲ್ಲರು. ಕೃತಕ ಕೀಲಿಗೆ ಅಂಥ ಸುಲಭದ ಉಪಾಯವಿಲ್ಲ.

ಇದರ ಆಧುನಿಕ ಚರಿತ್ರೆ ಇಂಗ್ಲೆಂಡಿನ ಲ್ಯಾಂಕಶೈರಿನ ರೈಟಿಂಗ್‌ಟನ್ ಎಂಬಲ್ಲಿ, ಹಿಂದೆ ಕ್ಷಯರೋಗಿಗಳಿಗಾಗಿ ಇದ್ದ ಆಸ್ಪತ್ರೆಯಲ್ಲಿ, ಜಾನ್ ಚಾರ್ನ್ಲಿಯಿಂದ ಮೊದಲಾಯಿತೆಂದರೆ ತಪ್ಪಾಗಲಾರದು. ಅದಕ್ಕೆ ಮುಂಚೆ ಪ್ರಯತ್ನಗಳೇ ಇರಲಿಲ್ಲವೆಂದಲ್ಲ. ಬರ್ಲಿನ್ನಿನ ಗ್ಲುಕ್ 1891ರಷ್ಟು ಹಿಂದೆಯೇ ದಂತದ ಕೀಲನ್ನು ಕೂರಿಸಿ ನೋಡಿದ್ದನು, ಬೋಸ್ಟನ್ನಿನ ಸ್ಮಿತ್ ಪೀಟರ್ಸನ್ 1923ರಲ್ಲಿ ಗಾಜಿನ ಬಟ್ಟಲನ್ನು ಗುಂಡಿನ ಮೇಲೆ ಕವಚಿ ನೋಡಿದನು, ಗಾಜು ಒಡೆಯಿತು. ಪ್ಯಾರಿಸಿನ ಜುಡೆ ಸೋದರರು 1946ರಲ್ಲಿ ಅಕ್ರಿಲಿಕ್ಕಿನ ಗುಂಡನ್ನು ತಂದರು. ಅಂಥ ಕೀಲನ್ನು ಧರಿಸಿದ್ದ ರೋಗಿಯೊಬ್ಬನು ಮುಂದಕ್ಕೆ ಬಾಗಿದಾಗಲೆಲ್ಲ ಎಣ್ಣೆ ಕಾಣದ ಬಂಡಿಯ ಚಕ್ರದಂತೆ ಕಿರ್‍ರೆನ್ನುವ ಸದ್ದಾಗಿ, ಅವನ ಹೆಂಡತಿ ಅದನ್ನು ತಾಳಲಾರದೆ ಎದ್ದುಹೋಗುತ್ತಿದ್ದಳಂತೆ. ಆ ಸದ್ದೇ ಚಾರ್ನ್ಲಿಯನ್ನು ಘರ್ಷಣೆಯ ವಿಚಾರಕ್ಕೆ ಎಳೆಯಿತು. ಕೀಲೆಣ್ಣೆಯೇ ಬೇಡದಷ್ಟು ಜಾರುವ ಪದಾರ್ಥವನ್ನು ಆತ ಹುಡುಕಿದನು. ಸಿಕ್ಕಿದುದು ಟೆಫ್ಲಾನ್.

ಟೆಫ್ಲಾನಿನ ಬಟ್ಟಲು, ಉಕ್ಕಿನ ಚಿಕ್ಕ ಗುಂಡು, ಎರಡನ್ನೂ ಮೂಳೆಗೆ ಹಿಡಿದು ನಿಲ್ಲಿಸಲು ದಂತವೈದ್ಯರು ಬಳಸುತ್ತಿದ್ದ ಜಾತಿಯ ಅಕ್ರಿಲಿಕ್ ಸಿಮೆಂಟು: ಇದು ಆತನ ವ್ಯವಸ್ಥೆ. ವರ್ಷಗಟ್ಟಲೆ ಕುಂಟಿದ್ದವರು ಎದ್ದು ನಡೆದರು. ಸುಮಾರು ಮುನ್ನೂರು ಮಂದಿಗೆ ಈ ಕೀಲು ಜೋಡಣೆಯಾಯಿತು. ಮೂರು ನಾಲ್ಕು ವರ್ಷ ಕಳೆಯುವುದರಲ್ಲಿ ಗುಂಡು ಬಟ್ಟಲನ್ನು ಕೊರೆದುಕೊಂಡು ಮೇಲಕ್ಕೆ ಹೋಗಿತ್ತು. ಕೀಲಿನ ಸುತ್ತ ಗಿಣ್ಣಿನಂಥ ಬಿಳಿಯ ಪದಾರ್ಥ ಗಂಟುಕಟ್ಟಿತ್ತು. ಅದರ ನೆರೆಯಲ್ಲಿದ್ದ ಮೂಳೆ ಕರಗಿಹೋಗಿತ್ತು. ತಾನೇ ನಡೆಸಿದವರನ್ನು ತಾನೇ ಮತ್ತೆ ಮೇಜಿನ ಮೇಲೆ ಮಲಗಿಸಿ ಎಲ್ಲವನ್ನೂ ಕಿತ್ತು ತೆಗೆಯುವ ಕೆಲಸ ಚಾರ್ನ್ಲಿಯ ಪಾಲಿಗೆ ಬಂದಿತು. ಸೊಂಟದ ಕೀಲಿನ ಮರುಜೋಡಣೆ ಒಂದು ವಿದ್ಯೆಯಾಗಿ ಹುಟ್ಟಿದುದು ಯಾರೂ ಬಯಸದೆ ಬಂದ ಆ ವರ್ಷಗಳಲ್ಲಿ.

ಮುಂದಿನದು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ನನಗೆ ಬಹು ಪ್ರಿಯವಾದ ಪ್ರಸಂಗ. ಲ್ಯಾಂಕಶೈರಿನ ನೇಯ್ಗೆಯ ಗಿರಣಿಗಳಿಗೆ ಪ್ಲಾಸ್ಟಿಕ್ಕಿನ ಹಲ್ಲುಗಾಲಿಗಳನ್ನು ಮಾರುತ್ತಿದ್ದ ವ್ಯಾಪಾರಿಯೊಬ್ಬನು 1962ರಲ್ಲಿ ಒಂದು ಹೊಸ ಪದಾರ್ಥದ ತುಂಡನ್ನು ತಂದು ತೋರಿಸಿದನು. ಅದು ಹೆಚ್ಚಿನ ಅಣುತೂಕದ ಪಾಲಿಎಥಿಲೀನ್. ಚಾರ್ನ್ಲಿ ಅದನ್ನು ಉಗುರಿನಿಂದ ಒತ್ತಿ ನೋಡಿ, ಪ್ರಯೋಜನವಿಲ್ಲವೆಂದು ಹೊರಟುಹೋದನು. ಆತನ ಕಾರ್ಯಾಗಾರದ ಹ್ಯಾರಿ ಕ್ರೇವನ್ ಮಾತ್ರ ಅದನ್ನು ಸವೆತ ಅಳೆಯುವ ಯಂತ್ರಕ್ಕೆ ಸಿಕ್ಕಿಸಿ ಹಗಲೂ ರಾತ್ರಿಯೂ ಓಡಿಸಿಬಿಟ್ಟನು. ಯಜಮಾನ ಕೋಪನ್‌ಹೇಗನ್ನಿಗೆ ಹೋಗಿ ಹಿಂದಿರುಗುವ ವೇಳೆಗೆ, ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಕೂಡ ಅದು ಮೂರು ವಾರಗಳಲ್ಲಿ ಸವೆದಿರಲಿಲ್ಲ. ಆ ವರ್ಷದ ನವೆಂಬರಿನಲ್ಲಿಯೇ ಅದು ರೋಗಿಗಳ ಮೈಸೇರಿತು. ಇಷ್ಟಾದರೂ ಚಾರ್ನ್ಲಿ ಈ ಬಾರಿ ಯಂತ್ರವೊಂದನ್ನೇ ನಂಬಲಿಲ್ಲ. ಟೆಫ್ಲಾನಿನ ಪುಡಿಯನ್ನೂ ಹೊಸ ಪ್ಲಾಸ್ಟಿಕ್ಕಿನ ಪುಡಿಯನ್ನೂ ತನ್ನ ತೊಡೆಯ ಚರ್ಮದ ಅಡಿಯಲ್ಲಿಯೇ ಇರಿಸಿಕೊಂಡು ತಿಂಗಳುಗಟ್ಟಲೆ ಕಾದನು. ಟೆಫ್ಲಾನ್ ಇದ್ದೆಡೆ ಗಂಟುಗಳು ಬೆಳೆದವು. ಇನ್ನೊಂದು ಇದ್ದೆಡೆ ಕೈಗೆ ಏನೂ ಸಿಗಲಿಲ್ಲ. 1963ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಆತ ಬರೆದ ಪುಟ್ಟ ಪತ್ರದಲ್ಲಿ ಈ ಸಂಗತಿಯಿದೆ. ಈಚಿನ ಹಲವು ದೊಡ್ಡ ಗ್ರಂಥಗಳಿಗಿಂತ ಆ ಪತ್ರವನ್ನು ನಾನು ಹೆಚ್ಚಾಗಿ ಗೌರವಿಸುತ್ತೇನೆ.

ಪಾಲಿಎಥಿಲೀನ್ ಉತ್ತಮವೆಂಬುದು ನಿಜ. ಸವೆಯುವುದೇ ಇಲ್ಲವೆಂಬುದು ಸುಳ್ಳು. ಪ್ರತಿ ಹೆಜ್ಜೆಗೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಅದರಿಂದ ಉದುರುತ್ತವೆ. ದೇಹದ ಭಕ್ಷಕ ಕೋಶಗಳು ಅವನ್ನು ಕ್ರಿಮಿಗಳೆಂದು ಭಾವಿಸಿ ನುಂಗುತ್ತವೆ, ಅರಗಿಸಲಾರದೆ ಕೆರಳುತ್ತವೆ, ಆ ಕೆರಳಿಕೆಯ ರಾಸಾಯನಿಕ ಕರೆಗೆ ಓಗೊಟ್ಟು ಮೂಳೆಯನ್ನು ಕರಗಿಸುವ ಕೋಶಗಳು ಕೆಲಸಕ್ಕೆ ಇಳಿಯುತ್ತವೆ. ಹೀಗೆ ಶತ್ರುವಿಲ್ಲದ ಊರಿನಲ್ಲಿ ಕಾವಲುಗಾರರೇ ಗೋಡೆ ಕೆಡವಿದಂತಾಗುತ್ತದೆ. ಬೋಸ್ಟನ್ನಿನ ಹ್ಯಾರಿಸ್ 1976ರಲ್ಲಿ ಸಿಮೆಂಟು ಹಾಕಿದ ಕೀಲುಗಳ ಸುತ್ತ ಇಂಥ ಪೊಳ್ಳುಗಳನ್ನು ವರ್ಣಿಸಿದನು. ಜರ್ಮನಿಯ ವಿಲ್ಲರ್ಟ್ ಮರುವರ್ಷ ಕಣಗಳ ಪಾತ್ರವನ್ನು ವಿವರಿಸಿದನು. ಆದರೂ ಬಹುಕಾಲ ಅಪವಾದ ಸಿಮೆಂಟಿನ ತಲೆಯ ಮೇಲೆಯೇ ಇತ್ತು. ‘ಸಿಮೆಂಟು ರೋಗ’ವೆಂಬ ಹೆಸರೇ 1980ರ ದಶಕದಲ್ಲಿ ಹುಟ್ಟಿತು. ಸಿಮೆಂಟಿಲ್ಲದೆ ಕೂರಿಸಿದ ಕೀಲುಗಳ ಸುತ್ತಲೂ ಅವೇ ಪೊಳ್ಳುಗಳು ಕಂಡಮೇಲೆ ಆ ಹೆಸರು ತಾನಾಗಿ ಮರೆಗೆ ಸರಿಯಿತು. 1990ರ ದಶಕದ ಕೊನೆಯಲ್ಲಿ, ವಿಕಿರಣದಿಂದ ಅಣುಗಳನ್ನು ಒಂದಕ್ಕೊಂದು ಹೆಣೆದ ಗಟ್ಟಿ ಪಾಲಿಎಥಿಲೀನ್ ಬಂದ ಬಳಿಕ ಈ ಧೂಳು ಬಹಳ ಮಟ್ಟಿಗೆ ಅಡಗಿದೆ.

ಈ ಪೊಳ್ಳುಗಳ ಕುಟಿಲತೆಯೆಂದರೆ ಅವು ಮೌನವಾಗಿ ಬೆಳೆಯುವುದು. ರೋಗಿ ಸುಖವಾಗಿ ನಡೆದಾಡುತ್ತಿರುತ್ತಾನೆ. ನೋವು ಕಾಣಿಸಿಕೊಳ್ಳುವಾಗ ಮನೆಯ ತೊಲೆಯನ್ನು ಗೆದ್ದಲು ತಿಂದು ಮುಗಿಸಿರುತ್ತದೆ.

ಎರಡನೆಯ ಶಸ್ತ್ರಕ್ರಿಯೆ ಮೊದಲನೆಯದರಂತಲ್ಲ ಎಂಬುದಕ್ಕೆ ಇದೇ ಮೂಲಕಾರಣ. ಮೊದಲ ಸಲ ಗಟ್ಟಿ ನೆಲದಲ್ಲಿ ಕಂಬ ನಿಲ್ಲಿಸುತ್ತೇವೆ. ಎರಡನೆಯ ಸಲ ಕಂಬ ಕಿತ್ತ ಗುಳಿಯಲ್ಲಿ. ಮೂಳೆಯ ಒಳಗೋಡೆಯಲ್ಲಿ ಜೇನುಹುಟ್ಟಿನಂಥ ಸೂಕ್ಷ್ಮವಾದ ಹೆಣಿಗೆಯೊಂದಿರುತ್ತದೆ. ಸಿಮೆಂಟು ಅದರ ಕಣ್ಣುಗಳಿಗೆ ಇಳಿದು ಹಿಡಿದುಕೊಳ್ಳುತ್ತದೆ. ಸಡಿಲವಾದ ದಂಡ ವರ್ಷಗಟ್ಟಲೆ ಅಲುಗಾಡಿದ ಮೇಲೆ ಆ ಗೋಡೆ ಗಾಜಿನಂತೆ ನುಣ್ಣಗಾಗಿರುತ್ತದೆ. ಅದರ ಮೇಲೆ ಮತ್ತೆ ಸಿಮೆಂಟು ತುಂಬಿದರೆ ಏನಾದೀತು? ಆರಂಭದ ದಿನಗಳ ಮರುಜೋಡಣೆಗಳು ಬೇಗ ಸಡಿಲವಾದುದಕ್ಕೆ ಇದೊಂದು ದೊಡ್ಡ ಕಾರಣ. ಇದರ ಜೊತೆಗೆ ಹಳೆಯ ಗಾಯದ ಕಲೆಗಟ್ಟಿದ ಮಾಂಸ, ಸೋತ ಸ್ನಾಯು, ಹೆಚ್ಚಿದ ವಯಸ್ಸು, ಸೋಂಕಿನ ಭಯ.

ಈ ಗುಳಿಯನ್ನು ತುಂಬುವ ಬಗೆಯಲ್ಲಿ ಎರಡು ಮನೋಧರ್ಮಗಳು ಬೆಳೆದವು. ಒಂದು, ಕಳೆದುಹೋದ ಮೂಳೆಯನ್ನು ಮತ್ತೆ ಬೆಳೆಸುವುದು. ಹಾಲೆಂಡಿನ ನೈಮೇಖನ್ ಊರಿನಲ್ಲಿ ಸ್ಲೋಫ್ ಎಂಬಾತ 1979ರಿಂದ ಬಟ್ಟಲಿನ ಕಡೆಗೆ ಇದನ್ನು ಮಾಡತೊಡಗಿದನು. ಮೊದಲ ಸಲ ಕೀಲು ಬದಲಿಸಿಕೊಳ್ಳುವ ರೋಗಿಗಳ ಮೂಳೆಯ ಗುಂಡನ್ನು ಹೇಗೂ ಕತ್ತರಿಸಿ ತೆಗೆಯಬೇಕಷ್ಟೆ. ಅದನ್ನು ಅವರ ಒಪ್ಪಿಗೆಯಿಂದ ಹೆಪ್ಪುಗಟ್ಟಿಸಿ ಕಾದಿರಿಸುತ್ತಾರೆ. ಮರುಜೋಡಣೆಯ ದಿನ ಅದನ್ನು ಚೂರುಚೂರಾಗಿ ಮಾಡಿ, ಗುಳಿಯೊಳಗೆ ತುಂಬಿ, ಮಣ್ಣಿನ ನೆಲಕ್ಕೆ ದಿಮ್ಮಸು ಹೊಡೆದಂತೆ ಗಟ್ಟಿಯಾಗಿ ಕುಟ್ಟಿ, ಅದರ ಮೇಲೆ ಸಿಮೆಂಟಿನಿಂದ ಬಟ್ಟಲನ್ನು ಕೂರಿಸುತ್ತಾರೆ. ಪರರ ಸತ್ತ ಮೂಳೆಯ ಚೂರುಗಳ ನಡುವೆ ರೋಗಿಯ ರಕ್ತನಾಳಗಳು ಇಳಿದು, ಮೆಲ್ಲಮೆಲ್ಲನೆ ಅದು ಅವನದೇ ಮೂಳೆಯಾಗುತ್ತದೆ. ನೈಮೇಖನ್ನಿನವರು ಹೀಗೆ ಮರುಜೋಡಿಸಿದ ಮೊದಲ 62 ಬಟ್ಟಲುಗಳನ್ನು ಇಪ್ಪತ್ತರಿಂದ ಇಪ್ಪತ್ತೈದು ವರ್ಷ ಹಿಂಬಾಲಿಸಿ 2009ರಲ್ಲಿ ವರದಿ ಮಾಡಿದರು. ಇಪ್ಪತ್ತು ವರ್ಷಗಳ ಬಾಳುವೆಯ ಲೆಕ್ಕ ಮುಕ್ಕಾಲು ಪಾಲಿನಷ್ಟಿತ್ತು. ಎರಡನೆಯ ಕೀಲಿನ ಮಟ್ಟಿಗೆ ಇದು ಸಾಮಾನ್ಯ ಸಾಧನೆಯಲ್ಲ. ಇದು ಬಹಳ ತಾಳ್ಮೆಯನ್ನು ಕೇಳುವ ಕೆಲಸ; ಅವಸರದವರ ಕೈಯಲ್ಲಿ ಕೆಡುತ್ತದೆ.

ಇನ್ನೊಂದು ಮನೋಧರ್ಮ, ಹಾಳಾದ ನೆಲವನ್ನು ಬಿಟ್ಟು ಕೆಳಗಿನ ಗಟ್ಟಿ ನೆಲಕ್ಕೆ ಹೋಗುವುದು. ಜರ್ಮನಿಯ ಹೈನ್ಸ್ ವಾಗ್ನರ್ 1987ರಲ್ಲಿ ತಂದ ಟೈಟೇನಿಯಮ್ಮಿನ ಉದ್ದನೆಯ ದಂಡ ಇದಕ್ಕೆ ನಿದರ್ಶನ. ಅದು ಕೆಳಕೆಳಗೆ ಕಿರಿದಾಗುವ ಗೂಟ. ಮೈತುಂಬ ಉದ್ದುದ್ದನೆಯ ಏಣುಗಳು. ತೊಡೆಮೂಳೆಯ ನಡುಭಾಗಕ್ಕೆ ಬೆಣೆಯಂತೆ ಇಳಿದು ಕಚ್ಚಿಕೊಳ್ಳುತ್ತದೆ. ಮೇಲೆ ಕರಗಿಹೋಗಿದ್ದ ಮೂಳೆ ಎಷ್ಟೋ ರೋಗಿಗಳಲ್ಲಿ ಯಾವ ಕಸಿಯೂ ಇಲ್ಲದೆ ತಾನಾಗಿಯೇ ತುಂಬಿಕೊಂಡುದನ್ನು ಕಂಡು ಅಂದಿನವರು ಬೆರಗಾದರು. ದಂಡ ತುಸು ಕೆಳಗೆ ಕುಸಿಯುವುದು, ಕೀಲು ತಪ್ಪುವುದು ಅದರ ದೋಷಗಳು. ಬೇರೆ ಬೇರೆ ತುಂಡುಗಳನ್ನು ಜೋಡಿಸಿ ಅಳತೆ ಹೊಂದಿಸುವ ದಂಡಗಳು ಆಮೇಲೆ ಬಂದವು. ಅವುಗಳಲ್ಲಿ ಕೆಲವು ಆ ಜೋಡಣೆಯ ಸ್ಥಳದಲ್ಲಿಯೇ ಮುರಿದುವು. ಇಂದು ಜಗತ್ತಿನ ಹೆಚ್ಚಿನ ಕಡೆಗಳಲ್ಲಿ ಈ ಗೂಟದ ಮಾರ್ಗವೇ ರೂಢಿ. ಅದು ಬೇಗ ಮುಗಿಯುತ್ತದೆ, ಕಲಿಯಲು ಸುಲಭ. ನಾನೂ ಅದನ್ನೇ ಹೆಚ್ಚಾಗಿ ಬಳಸಿದ್ದೇನೆ. ಆದರೂ ಐವತ್ತು ದಾಟದ ರೋಗಿ ಎದುರಿಗೆ ಮಲಗಿದ್ದಾಗ ನನ್ನ ಮನಸ್ಸು ನೈಮೇಖನ್ನಿನ ಕಡೆಗೆ ವಾಲುತ್ತದೆ. ಮೂರನೆಯ ಸಲಕ್ಕೆ ಬರುವ ವೈದ್ಯನಿಗೆ ಒಂದಿಷ್ಟು ಮೂಳೆಯನ್ನು ಉಳಿಸಿಡುವುದು ನಮ್ಮ ಕರ್ತವ್ಯವೆಂದು ನಾನು ತಿಳಿದಿದ್ದೇನೆ.

ಮರುಜೋಡಿಸಿದ ಕೀಲು ತಪ್ಪಿ ಹೊರಬೀಳುವ ಕಾಟಕ್ಕೆ ಫ್ರಾನ್ಸಿನ ಸೇಂತ್ ಎತಿಯೆನ್ನಿನ ಬೂಸ್ಕೆ 1970ರ ದಶಕದಲ್ಲಿಯೇ ಉಪಾಯ ಕಂಡಿದ್ದನು: ಚಿಕ್ಕ ಗುಂಡನ್ನು ದೊಡ್ಡ ಪ್ಲಾಸ್ಟಿಕ್ ಗುಂಡಿನೊಳಗೆ, ಅದನ್ನು ಬಟ್ಟಲಿನೊಳಗೆ, ಎರಡೂ ತಿರುಗುವಂತೆ ಇರಿಸುವುದು. ಫ್ರೆಂಚರ ಹೊರಗೆ ಅದು ಹಬ್ಬಲು ಮೂರು ದಶಕ ಹಿಡಿಯಿತು. ನೆಲದ ಮೇಲೆ ಚಕ್ಕಳಮಕ್ಕಳ ಕೂರುವ, ಕುಕ್ಕುರುಗಾಲಿನಲ್ಲಿ ಕೂರುವ ನಮ್ಮ ಜನಕ್ಕೆ ಇದರ ಉಪಯೋಗ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಇನ್ನು ಎಕ್ಸೆಟರ್ ಊರಿನ ಕಥೆ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಇಂಗ್ಲೆಂಡಿನ ನೈರುತ್ಯದ ಆ ಊರಿನಲ್ಲಿ ರಾಬಿನ್ ಲಿಂಗ್ ಎಂಬ ಶಸ್ತ್ರವೈದ್ಯನೂ ಕ್ಲೈವ್ ಲೀ ಎಂಬ ಇಂಜಿನಿಯರನೂ ಸೇರಿ ಒಂದು ದಂಡವನ್ನು ರೂಪಿಸಿ 1970ರಲ್ಲಿ ಬಳಕೆಗೆ ತಂದರು. ಮೇಲೆ ಅಗಲ, ಕೆಳಗೆ ಕಿರಿದು. ಮೈ ಕನ್ನಡಿಯಂತೆ ಹೊಳಪು. ಕೆಲವು ದಂಡಗಳು ಮುರಿದುದರಿಂದ 1976ರಲ್ಲಿ ಇನ್ನೂ ಗಟ್ಟಿಯಾದ ಉಕ್ಕಿನಿಂದ ಮಾಡಿಸಿದರು. ಆಗಲೇ ಮೈಯನ್ನು ಹೊಳಪಿನಿಂದ ಮಾಸಲಿಗೆ ಬದಲಾಯಿಸಿದರು. ಮಾಸಲು ಮೈಗೆ ಸಿಮೆಂಟು ಚೆನ್ನಾಗಿ ಹಿಡಿದುಕೊಳ್ಳುವುದು ಸಹಜವಲ್ಲವೆ? ಯಾರಿಗೂ ಅದು ದೊಡ್ಡ ಬದಲಾವಣೆಯೆಂದು ತೋರಲಿಲ್ಲ. ವರ್ಷಗಳು ಕಳೆದಂತೆ ಮಾಸಲು ದಂಡಗಳು ಸಡಿಲವಾಗತೊಡಗಿದವು. ಅವುಗಳ ಸುತ್ತ ಮೂಳೆ ಕರಗತೊಡಗಿತು. ಹಳೆಯ ಹೊಳಪಿನ ದಂಡಗಳು, ಮುರಿಯದೆ ಉಳಿದವು, ಗಟ್ಟಿಯಾಗಿ ನಿಂತಿದ್ದುವು. 1986ರಲ್ಲಿ ಹೊಳಪಿಗೆ ಹಿಂದಿರುಗಿದರು.

ಕಾರಣವನ್ನು ಆಮೇಲೆ ಅರಿತರು. ಹೊಳಪಿನ ಬೆಣೆ ಸಿಮೆಂಟಿನೊಳಗೆ ಮೊದಲ ಒಂದೆರಡು ವರ್ಷ ಕೂದಲೆಳೆಯಷ್ಟು ಜಾರುತ್ತದೆ. ಜಾರಿದಷ್ಟೂ ಬಿಗಿಯಾಗುತ್ತದೆ, ಭಾರವನ್ನು ಸಿಮೆಂಟಿನ ಮೇಲೆ ಒತ್ತಡವಾಗಿ ಹಂಚುತ್ತದೆ. ಸಿಮೆಂಟು ಒತ್ತಡವನ್ನು ತಾಳಬಲ್ಲುದು, ಎಳೆತವನ್ನು ತಾಳಲಾರದು. ಮಾಸಲು ದಂಡ ಜಾರಬಾರದೆಂದು ಹಟಹಿಡಿದು ನಿಂತು, ಒಂದು ದಿನ ಹಿಡಿತ ತಪ್ಪಿದಾಗ ಅರದಂತೆ ಸಿಮೆಂಟನ್ನು ಉಜ್ಜಿ ಪುಡಿಮಾಡುತ್ತದೆ. ಇದನ್ನು ಯಾವ ಪ್ರಯೋಗಶಾಲೆಯೂ ಮೊದಲೇ ಹೇಳಿರಲಿಲ್ಲ. ಎರಡು ಗುಂಪಿನ ರೋಗಿಗಳನ್ನೂ ಹತ್ತು ವರ್ಷ ತಪ್ಪದೆ ಕರೆಸಿ ಚಿತ್ರ ತೆಗೆದು ಹೋಲಿಸಿದುದರಿಂದ ತಿಳಿಯಿತು. ಈ ತಿಳಿವೇ ಅದೇ ಊರಿನಲ್ಲಿ 1987ರಿಂದ ತೊಡೆಮೂಳೆಯ ಕಡೆಗೂ ನೈಮೇಖನ್ನಿನ ಕಸಿಯನ್ನು ಹೊಂದಿಸಲು ದಾರಿಮಾಡಿತು: ಕುಟ್ಟಿ ತುಂಬಿದ ಮೂಳೆಯ ಚೂರುಗಳ ನಡುವೆ ಹೊಳಪಿನ ಬೆಣೆ ಮೆಲ್ಲನೆ ಕುಳಿತುಕೊಳ್ಳುತ್ತ, ಆ ಚೂರುಗಳಿಗೆ ಬೇಕಾದ ಒತ್ತಡವನ್ನು ತಾನೇ ಕೊಡುತ್ತದೆ. ಭಾರ ಬಿದ್ದಲ್ಲಿ ಮೂಳೆ ಬೆಳೆಯುತ್ತದೆ, ಬೀಳದಲ್ಲಿ ಕರಗುತ್ತದೆ ಎಂದು ಬರ್ಲಿನ್ನಿನ ವೋಲ್ಫ್ 1892ರಲ್ಲಿಯೇ ಬರೆದಿದ್ದನು.

ಹತ್ತು ವರ್ಷ ಕಾಯುವುದೇ ಇಲ್ಲಿ ವಿದ್ಯೆ. ಒಬ್ಬ ವೈದ್ಯನ ಕಾಯುವಿಕೆ ಸಾಲದು. ಇಡೀ ದೇಶ ಕಾಯಬೇಕು, ಕಾದುದನ್ನು ಬರೆದಿಡಬೇಕು. ಸ್ವೀಡನ್ನಿನವರು 1979ರಲ್ಲಿ ಇದಕ್ಕೆ ತೊಡಗಿದರು. ಅವರು ಮೊತ್ತಮೊದಲು ಹೆಸರು ಹಿಡಿದು ದಾಖಲಿಸಿದುದು ಯಶಸ್ಸುಗಳನ್ನಲ್ಲ, ಮರುಶಸ್ತ್ರಕ್ರಿಯೆಗಳನ್ನು. ಯಾವ ಕೀಲು, ಏಕೆ ಸೋತಿತು ಎಂಬುದನ್ನು. ನಾರ್ವೆ 1987ರಲ್ಲಿ ಹಿಂಬಾಲಿಸಿತು. ಬೋನ್‌ಲಾಕ್ ಎಂಬ ಹೊಸ ಸಿಮೆಂಟು 1990ರ ದಶಕದ ಮೊದಲಲ್ಲಿ ಬಂದು, ಬಿಸಿಯೇರದೆ ಗಟ್ಟಿಯಾಗುತ್ತದೆಂದು ಹೆಸರು ಮಾಡಿದಾಗ, ಅದನ್ನು ಬಳಸಿದ ಕೀಲುಗಳು ಅಕಾಲದಲ್ಲಿ ಕಳಚುತ್ತಿರುವುದನ್ನು ತೋರಿಸಿದುದು ನಾರ್ವೆಯ ಆ ದಾಖಲೆ ಪುಸ್ತಕವೇ. 1995ರಲ್ಲಿ ಆ ಸಿಮೆಂಟು ಮಾರುಕಟ್ಟೆಯನ್ನು ಬಿಟ್ಟಿತು. ಆಸ್ಟ್ರೇಲಿಯ 1999ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್ 2003ರಲ್ಲಿ ತಮ್ಮ ದಾಖಲೆಗಳನ್ನು ತೆರೆದುವು.

ಆ ದಾಖಲೆಗಳಿಂದ ಹೊರಟ ಲೆಕ್ಕಗಳನ್ನು ಓದುಗರ ಮುಂದಿಡುತ್ತೇನೆ. ಮೊದಲನೆಯ ಕೀಲು ಇಪ್ಪತ್ತೈದು ವರ್ಷ ಬಾಳುವ ಸಂಭವ ನೂರಕ್ಕೆ ಸುಮಾರು 58 ಎಂದು 2019ರಲ್ಲಿ ಬ್ರಿಸ್ಟಲ್ಲಿನ ಸಂಶೋಧಕರು ಲ್ಯಾನ್ಸೆಟ್ಟಿನಲ್ಲಿ ಪ್ರಕಟಿಸಿದರು. 2022ರಲ್ಲಿ ಅಲ್ಲಿಯವರೇ ಇಂಗ್ಲೆಂಡಿನ ದಾಖಲೆಯಿಂದ ಮರುಜೋಡಣೆಗಳ ಲೆಕ್ಕವನ್ನು ಹೊರತಂದರು. ಮೊದಲ ಮರುಜೋಡಣೆಗಳಲ್ಲಿ ಐದರಲ್ಲೊಂದು ಹದಿನೈದು ವರ್ಷಗಳೊಳಗೆ ಮತ್ತೆ ಬಿಚ್ಚಬೇಕಾಗುತ್ತದೆ. ಎರಡನೆಯ ಮರುಜೋಡಣೆಗಳಲ್ಲಿ ಐದರಲ್ಲೊಂದು ಸೋಲಲು ಏಳು ವರ್ಷ ಸಾಕು. ಮೂರನೆಯವುಗಳಿಗೆ ಮೂರೇ ವರ್ಷ. ಹದಿನೈದು, ಏಳು, ಮೂರು: ಈ ಇಳಿಜಾರನ್ನು ಮೊದಲ ಬಾರಿ ಓದಿದ ದಿನ ನಾನು ಪತ್ರಿಕೆಯನ್ನು ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಅನುಭವದಿಂದ ಗೊತ್ತಿದ್ದುದೇ, ಆದರೂ ಅಂಕಿಗಳಾಗಿ ಎದುರು ನಿಂತಾಗ ಅದರ ಮುಖ ಬೇರೆ. ಮೊದಲ ಕೀಲು ಹೆಚ್ಚು ಕಾಲ ಬಾಳಿದವರಲ್ಲಿ ಎರಡನೆಯದೂ ಹೆಚ್ಚು ಕಾಲ ಬಾಳುತ್ತದೆಂಬುದು ಅದೇ ಅಧ್ಯಯನದಿಂದ ತಿಳಿದ ಇನ್ನೊಂದು ಸಂಗತಿ. ಐದರಲ್ಲಿ ನಾಲ್ಕು ನಿಂತಿವೆ ಎಂಬುದನ್ನೂ ಮರೆಯಲಾಗದು.

ಪಶ್ಚಿಮದ ಈ ಅಂಕಿಗಳು ಬಹುಮಟ್ಟಿಗೆ ಅರವತ್ತು ಎಪ್ಪತ್ತು ದಾಟಿದವರವು. ನಮ್ಮಲ್ಲಿ ಸ್ಥಿತಿ ಬೇರೆ. ಗುಂಡಿಗೆ ರಕ್ತ ನಿಂತುಹೋಗುವ ರೋಗ, ಬೆನ್ನೂ ಸೊಂಟವೂ ಬಿಗಿದು ಒಂದಾಗುವ ಸಂಧಿವಾತ ಇವುಗಳಿಂದ ಮೂವತ್ತು ನಲವತ್ತರ ವಯಸ್ಸಿನವರೇ ಎಷ್ಟೋ ಮಂದಿ ಕೀಲು ಬದಲಿಸಿಕೊಳ್ಳುತ್ತಾರೆ. ಅವರ ಎದುರಿಗೆ ಇನ್ನೂ ನಾಲ್ಕು ದಶಕಗಳ ನಡಿಗೆಯಿದೆ. ಎರಡನೆಯ ಕೀಲು ಅವರಿಗೆ ಬಹುಮಟ್ಟಿಗೆ ನಿಶ್ಚಿತ, ಮೂರನೆಯದೂ ದೂರವಲ್ಲ.

ಕೆಲವು ವರ್ಷಗಳ ಹಿಂದೆ ನಿವೃತ್ತ ಉಪಾಧ್ಯಾಯರೊಬ್ಬರು ನನ್ನಲ್ಲಿಗೆ ಬಂದರು. ಮಕ್ಕಳಿಗೆ ಹಳಗನ್ನಡದ ವ್ಯಾಕರಣವನ್ನು ಬೆತ್ತವಿಲ್ಲದೆ ಕಲಿಸಿದವರೆಂದು ಜೊತೆಗೆ ಬಂದ ಹಳೆಯ ವಿದ್ಯಾರ್ಥಿಯೇ ಹೇಳಿದ. ಹತ್ತೊಂಬತ್ತು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಕೀಲು ಹಾಕಿಸಿಕೊಂಡಿದ್ದರು. ಚಿತ್ರ ನೋಡಿದೆ. ಬಟ್ಟಲು ಸವೆದು ಓರೆಯಾಗಿತ್ತು, ಅದರ ಹಿಂದೆ ನಿಂಬೆಹಣ್ಣಿನಷ್ಟು ಪೊಳ್ಳು. ದಂಡ ಮಾತ್ರ ಕಲ್ಲಿನಂತೆ ಗಟ್ಟಿಯಾಗಿತ್ತು. ಇಂಥಲ್ಲಿ ದಂಡವನ್ನು ಹಾಗೆಯೇ ಉಳಿಸಿ, ಅದರ ತುದಿಯ ಗುಂಡನ್ನು ಮಾತ್ರ ಬದಲಿಸಿ, ಬಟ್ಟಲನ್ನು ಹೊಸದಾಗಿ ಕೂರಿಸಿದರೆ ಅರ್ಧ ಕಷ್ಟ ತಪ್ಪುತ್ತದೆ. ಆದರೆ ಆ ದಂಡ ಯಾರು ಮಾಡಿದುದು, ಅದರ ತುದಿಯ ಮೊನೆಗೆ ಯಾವ ಅಳತೆಯ ಗುಂಡು ಕೂರುತ್ತದೆ ಎಂಬುದು ತಿಳಿಯಬೇಕು. ಒಂದು ತಯಾರಕನ ಮೊನೆಗೆ ಇನ್ನೊಬ್ಬನ ಗುಂಡು ಕೂಡುವುದಿಲ್ಲ. ತಿಳಿಯದಿದ್ದರೆ ಗಟ್ಟಿಯಾಗಿರುವ ದಂಡವನ್ನು ತೊಡೆಮೂಳೆಯನ್ನು ಉದ್ದಕ್ಕೆ ಸೀಳಿ ತೆಗೆಯಬೇಕು. ಎಪ್ಪತ್ತೆರಡು ವಯಸ್ಸಿನ ಮನುಷ್ಯ.

ಹಿಂದಿನ ಆಸ್ಪತ್ರೆಗೆ ಬರೆದೆವು. ಅಷ್ಟು ಹಳೆಯ ಕಾಗದಗಳನ್ನು ವಿಲೇವಾರಿ ಮಾಡಿದ್ದಾರೆಂದು ಉತ್ತರ ಬಂದಿತು. ಶಸ್ತ್ರಕ್ರಿಯೆ ಮಾಡಿದ್ದ ವೈದ್ಯರು ತೀರಿಕೊಂಡಿದ್ದರು. ಚಿತ್ರದ ನೆರಳನ್ನು ನೋಡಿ ನಾನೂ ನನ್ನ ಸಹೋದ್ಯೋಗಿಗಳೂ ಎರಡು ಮೂರು ಹೆಸರುಗಳನ್ನು ಊಹಿಸಿದೆವು. ಊಹೆಯ ಮೇಲೆ ಮೂಳೆ ಕತ್ತರಿಸುವಂತಿಲ್ಲ. ಮೇಷ್ಟರು ಕೇಳಿದುದು ಒಂದೇ ಪ್ರಶ್ನೆ: “ಇನ್ನೊಂದು ಹಾಕಿದರೆ ಅದು ಎಷ್ಟು ಕಾಲ ಬರುತ್ತದೆ?” ದಂಡ ಉಳಿದರೆ ಒಂದು ಉತ್ತರ, ಕಿತ್ತರೆ ಇನ್ನೊಂದು ಉತ್ತರ ಎಂದೆ. ಅವರು ನಕ್ಕು, ಹಾಗಾದರೆ ಇದು ವಿಕಲ್ಪದ ಸೂತ್ರ ಎಂದರು.

ಎರಡು ವಾರವಾದ ಮೇಲೆ ಅವರ ಪತ್ನಿ ಒಂದು ಹಳೆಯ ಪಂಚಾಂಗವನ್ನು ಹಿಡಿದುಕೊಂಡು ಬಂದರು. ಆ ಸಂವತ್ಸರದ ಖರ್ಚುವೆಚ್ಚವನ್ನೆಲ್ಲ ಅದರ ಖಾಲಿ ಹಾಳೆಗಳಲ್ಲಿ ಬರೆದಿಟ್ಟಿದ್ದರು. ನಡುವೆ, ಔಷಧಿಯಂಗಡಿಯ ಚೀಟಿಗಳ ಜೊತೆಗೆ, ಅಂಟುಚೀಟಿಗಳು ಮೂರು: ಬಟ್ಟಲಿನದು, ಗುಂಡಿನದು, ದಂಡದ್ದು, ತಯಾರಕನ ಹೆಸರು, ಅಳತೆ, ತಯಾರಿಕೆಯ ಕಂತಿನ ಸಂಖ್ಯೆ. ಡಬ್ಬಿಯ ಮೇಲಿದ್ದುವನ್ನು ಯಾರೋ ದಾದಿ ಅವರ ಕೈಗೆ ಕೊಟ್ಟಿದ್ದಳಂತೆ. ಇವು ಬೆಲೆಯ ರಸೀತಿಗಳೆಂದು ಆಕೆ ಜೋಪಾನವಾಗಿ ಇಟ್ಟಿದ್ದರು. ದಂಡ ಉಳಿಯಿತು. ಪೊಳ್ಳಿಗೆ ಮೂಳೆಯ ಚೂರು ಕುಟ್ಟಿದೆವು, ಹೊಸ ಬಟ್ಟಲು ಕೂರಿಸಿದೆವು, ಅಳತೆಗೆ ಒಪ್ಪುವ ಹೊಸ ಗುಂಡನ್ನು ಹಳೆಯ ಮೊನೆಗೆ ತೊಡಿಸಿದೆವು. ಮೂರನೆಯ ದಿನ ಅವರು ಕೋಲು ಹಿಡಿದು ಓಣಿಯ ತುದಿಯವರೆಗೆ ನಡೆದರು.

ಅದೃಷ್ಟ ಎಲ್ಲರ ಪಂಚಾಂಗದಲ್ಲಿಯೂ ಇರುವುದಿಲ್ಲ. ಲೋಹದ ಬಟ್ಟಲಿನಲ್ಲಿ ಲೋಹದ ಗುಂಡು ತಿರುಗುವ ಎ.ಎಸ್.ಆರ್. ಎಂಬ ಕೀಲನ್ನು ಜಾನ್ಸನ್ ಅಂಡ್ ಜಾನ್ಸನ್ನಿನ ಅಂಗಸಂಸ್ಥೆ ಡೆಪ್ಯೂ ಜಗತ್ತಿನಾದ್ಯಂತ ಮಾರಿ, 2010ರ ಆಗಸ್ಟಿನಲ್ಲಿ ಹಿಂದಕ್ಕೆ ಕರೆಸಿಕೊಂಡಿತು. ಲೋಹಗಳ ತಿಕ್ಕಾಟದಿಂದ ಕೋಬಾಲ್ಟ್ ಮತ್ತು ಕ್ರೋಮಿಯಂ ರಕ್ತಕ್ಕೆ ಇಳಿಯುತ್ತಿದ್ದುವು. ಕೀಲಿನ ಸುತ್ತ ಮಾಂಸ ಕೊಳೆಯುತ್ತಿತ್ತು. ಅದರ ಸೋಲನ್ನು ಮೊದಲು ಎತ್ತಿ ತೋರಿಸಿದುದು ಆಸ್ಟ್ರೇಲಿಯದ ದಾಖಲೆ. ಅಂಥ ದಾಖಲೆಯಿದ್ದ ದೇಶಗಳಲ್ಲಿ ಆ ಕೀಲನ್ನು ಧರಿಸಿದವರನ್ನು ಹೆಸರು ಹಿಡಿದು ಕರೆದು, ರಕ್ತ ಪರೀಕ್ಷಿಸಿ, ಬೇಕಾದವರಿಗೆ ಮರುಜೋಡಣೆ ಮಾಡಿದರು. ಭಾರತದಲ್ಲಿ ಆ ಕೀಲಿನ ಸುಮಾರು 4,700 ಶಸ್ತ್ರಕ್ರಿಯೆಗಳು ನಡೆದಿದ್ದುವು. ಕೇಂದ್ರ ಸರ್ಕಾರ 2017ರಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. 2018ರಲ್ಲಿ ಅದರ ವರದಿ ಬಂದಿತು. ತೊಂದರೆಗೊಳಗಾದವರಿಗೆ ಕನಿಷ್ಠ ಇಪ್ಪತ್ತು ಲಕ್ಷ ರೂಪಾಯಿ ಪರಿಹಾರವನ್ನು ಅದು ಶಿಫಾರಸು ಮಾಡಿತು. ಆದರೆ ಸುಮಾರು 3,600 ರೋಗಿಗಳು ಎಲ್ಲಿದ್ದಾರೆಂಬುದೇ ಪತ್ತೆಯಾಗಿರಲಿಲ್ಲ. ವಿಳಾಸ ಬದಲಾಗಿತ್ತು, ಕಾಗದ ಕಳೆದಿತ್ತು, ಎಷ್ಟೋ ಕಡೆ ಮೊದಲಿಗೇ ಬರೆದಿರಲಿಲ್ಲ.

ನಮ್ಮ ದೇಶದ ಕೀಲು ಶಸ್ತ್ರವೈದ್ಯರ ಸಂಘ 2006ರಲ್ಲಿ ಒಂದು ದಾಖಲೆ ಪುಸ್ತಕವನ್ನು ಆರಂಭಿಸಿದೆ. ಅದಕ್ಕೆ ಬರೆದು ಕಳುಹಿಸುವುದು ವೈದ್ಯರ ಇಚ್ಛೆಗೆ ಬಿಟ್ಟುದು. ನಾನು ಈಗ ರೋಗಿಯನ್ನು ಮನೆಗೆ ಕಳುಹಿಸುವ ದಿನ ಆ ಮೂರು ಅಂಟುಚೀಟಿಗಳ ಒಂದು ಪ್ರತಿಯನ್ನು ಆಸ್ಪತ್ರೆಯ ಕಡತಕ್ಕೂ ಒಂದನ್ನು ಆ ಪುಸ್ತಕಕ್ಕೂ ಸೇರಿಸಿ, ಇನ್ನೊಂದನ್ನು ಮನೆಯಲ್ಲಿ ಲೆಕ್ಕ ಬರೆದಿಡುವವರು ಯಾರೆಂದು ಕೇಳಿ, ಅವರ ಕೈಗೇ ಕೊಡುತ್ತೇನೆ.